ನಾಯಿಯ ಕಣ್ಣು ತಾನಾಗಿ ಆಡುತ್ತಿದೆಯೇ?

ಎದುರಿಗೆ ಏನೂ ಅಲುಗುತ್ತಿಲ್ಲ, ಆದರೂ ನಾಯಿಯ ಕಣ್ಣುಗುಡ್ಡೆಗಳು ಅತ್ತಿತ್ತ ಆಡುತ್ತಲೇ ಇವೆ. ವೈದ್ಯರು ಇದಕ್ಕೆ ನಿಸ್ಟಾಗ್ಮಸ್ ಎನ್ನುತ್ತಾರೆ. ಇದು ರೋಗವಲ್ಲ, ಲಕ್ಷಣ. ಕಾರಣ ಕಣ್ಣಿನಲ್ಲಿರಬಹುದು, ಒಳಕಿವಿಯಲ್ಲಿರಬಹುದು, ಮಿದುಳಿನಲ್ಲೂ ಇರಬಹುದು.

ಮೊದಲು ಮಾಡಬೇಕಾದದ್ದು ವಿಡಿಯೊ. ಆಸ್ಪತ್ರೆಯ ಗಲಾಟೆಯಲ್ಲಿ ನಾಯಿ ತಲೆಯನ್ನೇ ನಿಲ್ಲಿಸುವುದಿಲ್ಲ. ಮನೆಯಲ್ಲಿ ಕಂಡದ್ದು ಅಲ್ಲಿ ಕಾಣದೇ ಹೋಗಬಹುದು. ಬೆಳಕಿರುವ ಕಡೆ ಕೂರಿಸಿ, ಕಣ್ಣುಗಳನ್ನು ಹತ್ತಿರದಿಂದ ಅರ್ಧ ನಿಮಿಷ ಮೊಬೈಲಿನಲ್ಲಿ ಹಿಡಿಯಿರಿ. ಆಮೇಲೆ ಅದು ನಡೆಯುವುದನ್ನೂ ಹಿಡಿಯಿರಿ. ಕತ್ತನ್ನು ಬಲವಂತವಾಗಿ ತಿರುಗಿಸಬೇಡಿ.

ಈಗ ವಿಡಿಯೊವನ್ನು ನಿಧಾನವಾಗಿ ಓಡಿಸಿ ನೋಡಿ. ಕಣ್ಣು ಒಂದು ಕಡೆಗೆ ಮೆಲ್ಲಗೆ ಜಾರಿ, ಥಟ್ಟನೆ ಹಿಂದಕ್ಕೆ ಎಗರುತ್ತಿದ್ದರೆ ಅದು ಸಾಮಾನ್ಯವಾಗಿ ಸಮತೋಲನ ಕೆಟ್ಟದ್ದರ ಗುರುತು. ಜೊತೆಗೆ ತಲೆ ಒಂದು ಪಕ್ಕಕ್ಕೆ ವಾಲಿರುತ್ತದೆ, ನಡಿಗೆ ತೂರಾಡುತ್ತದೆ, ವಾಂತಿಯೂ ಆಗಬಹುದು. ಮುದಿ ನಾಯಿಗಳಲ್ಲಿ ಇದು ದಿಢೀರನೆ ಬಂದಾಗ ಮನೆಯವರು ಲಕ್ವ ಹೊಡೆಯಿತೆಂದು ಕಂಗಾಲಾಗುತ್ತಾರೆ. ಎಷ್ಟೋ ಸಲ ಅದು ಎರಡು ಮೂರು ದಿನಗಳಲ್ಲಿ ತಗ್ಗತೊಡಗಿ, 2–3 ವಾರಗಳಲ್ಲಿ ಬಹುಪಾಲು ಸರಿಹೋಗುವ ತೊಂದರೆ. ಹಾಗೆಂದು ಮನೆಯಲ್ಲೇ ತೀರ್ಮಾನಿಸುವಂತಿಲ್ಲ. ಒಳಕಿವಿಯ ಸೋಂಕೂ ಹೀಗೇ ಕಾಣುತ್ತದೆ. ಕಣ್ಣು ಮೇಲೆ ಕೆಳಗೆ ಆಡುತ್ತಿದ್ದರೆ, ಅಥವಾ ತಲೆಯ ಭಂಗಿ ಬದಲಾದಂತೆ ಆಟದ ದಿಕ್ಕೂ ಬದಲಾದರೆ, ಮಿದುಳಿನ ಮೇಲೆ ಅನುಮಾನ. ಅದೇ ದಿನ ವೈದ್ಯರಲ್ಲಿಗೆ ಹೋಗಿ. ಭೇದಿಗೆಂದು ಕೊಡುವ ಮೆಟ್ರೊನಿಡಜೋಲ್ ಮಿತಿ ಮೀರಿದರೂ ಹೀಗಾಗುತ್ತದೆ. ಆದ್ದರಿಂದ ಕೊಟ್ಟ ಮಾತ್ರೆ, ಹಾಕಿದ ಕಿವಿ ಡ್ರಾಪ್ಸ್ ಎಲ್ಲವನ್ನೂ ಜೊತೆಗೆ ಒಯ್ಯಿರಿ.

ದೃಷ್ಟಿಯಿಲ್ಲದ ನಾಯಿಯ ಕಣ್ಣಾಟ ಬೇರೆ ಥರ. ಎಗರುವುದಿಲ್ಲ, ಏನನ್ನೋ ಹುಡುಕುವಂತೆ ಮೆಲ್ಲಗೆ ಅಲೆಯುತ್ತದೆ. ಹುಟ್ಟುಕುರುಡು ಮರಿಗಳಲ್ಲಿ, ಎಳವೆಯಲ್ಲೇ ನೋಟ ಕಳೆದುಕೊಂಡವುಗಳಲ್ಲಿ ಇದು ಹೆಚ್ಚು. ವರ್ಷಗಳಿಂದ ಹಾಗೇ ಇದ್ದು, ನಾಯಿ ತಿಂದುಂಡು ಚೆನ್ನಾಗಿದ್ದರೆ ಗಾಬರಿಯೇನೂ ಬೇಡ. ಆದರೆ ವಯಸ್ಸಾದ ಮೇಲೆ ಪೊರೆ ಬಂದು ಕುರುಡಾದ ನಾಯಿಯಲ್ಲಿ ಕಣ್ಣು ಹೊಸದಾಗಿ ಆಡತೊಡಗಿದರೆ, ‘ಕುರುಡಲ್ಲವೇ, ಅದಕ್ಕೇ’ ಎಂದು ಸುಮ್ಮನಾಗಬೇಡಿ. ಅಲ್ಲಿ ಎರಡನೆಯ ಕಾಯಿಲೆ ಸೇರಿಕೊಂಡಿರುವ ಸಾಧ್ಯತೆಯೇ ಹೆಚ್ಚು.

ನೋಟ ಇದೆಯೋ ಇಲ್ಲವೋ ತಿಳಿಯಲು ಮುಖದ ಮುಂದೆ ಕೈ ಬೀಸಿದರೆ ಪ್ರಯೋಜನವಿಲ್ಲ, ಗಾಳಿ ತಾಕಿಯೇ ಅದು ರೆಪ್ಪೆ ಬಡಿಯುತ್ತದೆ. ಹತ್ತಿಯ ಉಂಡೆಯೊಂದನ್ನು ಕಣ್ಣೆದುರು ಮೇಲಿನಿಂದ ಬಿಡಿ. ಸದ್ದೂ ಇಲ್ಲ, ವಾಸನೆಯೂ ಅಷ್ಟಿಲ್ಲ. ಕಂಡರೆ ಮಾತ್ರ ನಾಯಿ ಅದರತ್ತ ತಿರುಗುತ್ತದೆ. ಬೇಸರವಾದ ನಾಯಿ ಕಂಡರೂ ತಿರುಗದು, ಹಾಗಾಗಿ ಒಂದೆರಡು ಸಲ ನೋಡಿ ನಿಲ್ಲಿಸಿ. ನಂತರ ಹಾಲ್‌ನಲ್ಲಿ ಕುರ್ಚಿಗಳನ್ನು ಅಡ್ಡಾದಿಡ್ಡಿ ಇಟ್ಟು ಆಚೆಯಿಂದ ಕರೆಯಿರಿ: ಮೊದಲು ಬೆಳಕಿನಲ್ಲಿ, ಆಮೇಲೆ ದೀಪ ಮಂದ ಮಾಡಿ. ಮಂದ ಬೆಳಕಿನಲ್ಲಿ ಮಾತ್ರ ಎಡವಿದರೆ ರೆಟಿನಾ ಕ್ರಮೇಣ ಸವೆಯುವ ಆನುವಂಶಿಕ ತೊಂದರೆ ಇರಬಹುದು. ಲ್ಯಾಬ್ರಡಾರ್, ಕಾಕರ್ ಸ್ಪ್ಯಾನಿಯಲ್‌ಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ.

ಕಣ್ಣು ಕೆಂಪಾಗಿ ಮಬ್ಬಾಗಿ ಉಬ್ಬಿದ್ದರೆ ಬೆಳಗಾಗಲೆಂದು ಕಾಯಬೇಡಿ. ಗ್ಲಾಕೋಮಾ ಆಗಿದ್ದರೆ ಕೆಲವೇ ಗಂಟೆಗಳಲ್ಲಿ ನೋಟ ಶಾಶ್ವತವಾಗಿ ಹೋಗಬಹುದು. ದಿಢೀರ್ ಕುರುಡು, ಫಿಟ್ಸ್, ಏಳಲಾಗದ ಸ್ಥಿತಿ ಇವೂ ತುರ್ತೇ. ಉಣ್ಣೆ ಕಚ್ಚಿದ ಮೇಲೆ ಬರುವ ಜ್ವರದಲ್ಲಿ ಕಣ್ಣಿನೊಳಗೆ ರಕ್ತಸ್ರಾವವಾಗುವುದುಂಟು. ಇತ್ತೀಚೆಗೆ ಮೈಮೇಲೆ ಉಣ್ಣೆ ಕಂಡಿದ್ದರೆ, ಅಥವಾ ನಾಯಿ ವಿಪರೀತ ನೀರು ಕುಡಿಯುತ್ತಿದ್ದರೆ, ವೈದ್ಯರಿಗೆ ಮರೆಯದೆ ಹೇಳಿ. ಎರಡನೆಯದು ಸಕ್ಕರೆ ಕಾಯಿಲೆಯ ಸುಳಿವು, ಅದರ ಹಿಂದೆಯೇ ಕಣ್ಣಿಗೆ ಪೊರೆ ಬರುತ್ತದೆ. ಮನೆಯಲ್ಲಿ ಉಳಿದ ಮನುಷ್ಯರ ಐ ಡ್ರಾಪ್ಸ್ ಮಾತ್ರ ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದು, ಕಣ್ಣಿನಲ್ಲಿ ಹುಣ್ಣಿದ್ದರೆ ಗುಡ್ಡೆಯೇ ತೂತಾದೀತು.

ತಲೆ ಸುತ್ತುವ ನಾಯಿಯನ್ನು ಜಾರದ ನೆಲದಲ್ಲಿ, ಗೋಣಿಚೀಲವನ್ನೋ ಮ್ಯಾಟನ್ನೋ ಹಾಸಿ ಮಲಗಿಸಿ. ನೀರು, ಊಟ ಬಾಯಿಯ ಹತ್ತಿರವೇ ಇರಲಿ. ನೋಟ ಪೂರ್ತಿ ಹೋದ ನಾಯಿಗೆ ಮನೆಯ ನಕ್ಷೆ ತಲೆಯಲ್ಲಿರುತ್ತದೆ, ಸೋಫಾ ಮಂಚಗಳ ಜಾಗ ಬದಲಿಸಬೇಡಿ. ಮುಟ್ಟುವ ಮೊದಲು ಹೆಸರು ಹಿಡಿದು ಕರೆಯಿರಿ. ಎತ್ತಿಕೊಂಡು ಹೋದರೆ ನೀರಿನ ಬಟ್ಟಲಿನ ಬಳಿಯೇ ಇಳಿಸಿ, ಅಲ್ಲಿಂದ ಅದಕ್ಕೆ ದಿಕ್ಕು ಸಿಗುತ್ತದೆ. ಸಂಪಿನ ಮುಚ್ಚಳ, ಟೆರೇಸ್ ಬಾಗಿಲು ಎರಡೂ ಸದಾ ಮುಚ್ಚಿರಲಿ.