ಕಾವಲು ನಾಯಿಗೆ ಪ್ರತಿ ಬೆದೆಯಲ್ಲೂ ಮರಿ ಬೇಕೆ?

ತುಮಕೂರು ನಗರದ ಸುತ್ತಮುತ್ತ ಹಾಗೂ ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ತೆಂಗಿನ ತೋಟದ ಜೊತೆಗೆ ಕುರಿ ಸಾಕಣೆಯೂ ಉಂಟು. ತೋಟದ ಮನೆಗೂ ಕುರಿ ರೊಪ್ಪಕ್ಕೂ ನಾಯಿಯೇ ಕಾವಲು. ಇಲ್ಲಿನ ಕುರುಚಲು ಗುಡ್ಡಗಳಲ್ಲಿ ಚಿರತೆಗಳಿವೆ. 2019ರ ಕೊನೆ ಮತ್ತು 2020ರ ಮೊದಲ ತಿಂಗಳುಗಳಲ್ಲಿ ಈ ಭಾಗದಲ್ಲಿ ಚಿರತೆ ದಾಳಿಗೆ ಮನುಷ್ಯರೇ ಬಲಿಯಾದರು. ಇಂತಹ ಕಡೆ ಚುರುಕಾದ ಹೆಣ್ಣು ನಾಯಿಯ ಮರಿಗಳಿಗೆ ಬೇಡಿಕೆ ಸಹಜ. ಹೀಗಾಗಿ ಒಂದು ಸೂಲಿನ ಮರಿಗಳು ಮೊಲೆ ಬಿಟ್ಟ ಮೇಲೆ ಬರುವ ಮರುಬೆದೆಗೇ ನಾಯಿಯನ್ನು ಮತ್ತೆ ಗಂಡಿನೊಡನೆ ಕೂಡಿಸುವುದುಂಟು. ಇದು ಲಾಭವೋ ನಷ್ಟವೋ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು.

ಬೆದೆಯ ಕ್ರಮ

ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಕುದುರೆ ಈದ ಒಂದೆರಡು ವಾರದಲ್ಲೇ ಬೆದೆಗೆ ಬರುತ್ತದೆ. ನಾಯಿಯ ಕ್ರಮ ಬೇರೆ. ಒಂದು ಬೆದೆಯಿಂದ ಇನ್ನೊಂದಕ್ಕೆ 5ರಿಂದ 11 ತಿಂಗಳು, ಸರಾಸರಿ 7 ತಿಂಗಳ ಅಂತರವಿರುತ್ತದೆ. ಮೊದಲ 9 ದಿನ ರಕ್ತಸ್ರಾವವಿದ್ದು ನಾಯಿ ಗಂಡನ್ನು ಹತ್ತಿರ ಸೇರಿಸುವುದಿಲ್ಲ. ನಂತರದ ಸುಮಾರು 9 ದಿನ ಸೇರಿಸುತ್ತದೆ. ಗಬ್ಬದ ಅವಧಿ ಸುಮಾರು 63 ದಿನ.

ಗರ್ಭಕೋಶಕ್ಕೆ ಬಿಡುವು

ಮರಿ ಹಾಕಿದ ಮೇಲೆ ಗರ್ಭಕೋಶದ ಒಳಪದರ ಮೊದಲಿನಂತಾಗಲು ಮೂರು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಏಳು ತಿಂಗಳಿಗೊಮ್ಮೆ ಬೆದೆಗೆ ಬರುವ ನಾಯಿಗೆ ಈ ಬಿಡುವು ಸಿಗುತ್ತದೆ. ಐದು ತಿಂಗಳಿಗೇ ಬರುವ ನಾಯಿಗೆ ಸಾಕಾಗುವುದಿಲ್ಲ. ಅಂತಹ ಬೆದೆಯಲ್ಲಿ ಕೂಡಿಸಿದರೆ ಗಬ್ಬ ನಿಲ್ಲದಿರಬಹುದು, ಮರಿಗಳ ಸಂಖ್ಯೆಯೂ ಕಡಿಮೆಯಾಗಬಹುದು.

ಬೆದೆ ಬಿಟ್ಟರೆ ಗರ್ಭಕೋಶಕ್ಕೆ ಪೂರ್ಣ ವಿಶ್ರಾಂತಿ ಎಂದು ತಿಳಿಯುವುದೂ ತಪ್ಪು. ಗಬ್ಬ ನಿಲ್ಲಲಿ ಬಿಡಲಿ, ಬೆದೆಯ ನಂತರ ಸುಮಾರು ಎರಡು ತಿಂಗಳು ಗಬ್ಬದ ಹಾರ್ಮೋನು ಕೆಲಸ ಮಾಡುತ್ತದೆ. ಇದರಿಂದ ಒಳಪದರ ದಪ್ಪವಾಗುತ್ತಾ ಹೋಗಿ, ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯ ಹೆಚ್ಚುತ್ತದೆ. ಆದುದರಿಂದ ಆರೋಗ್ಯವಂತ ನಾಯಿಯಿಂದ ಚಿಕ್ಕ ವಯಸ್ಸಿನಲ್ಲೇ ಬೇಕಾದ ಮರಿ ಪಡೆದು, ಆಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಮೇಲೆಂದು ಹೇಳುವ ಪಶುವೈದ್ಯರೂ ಇದ್ದಾರೆ. ಅಂದರೆ ಗರ್ಭಕೋಶವೊಂದನ್ನೇ ನೋಡಿ ತೀರ್ಮಾನಿಸಲಾಗದು. ನಾಯಿಯ ಮೈಕಟ್ಟು ಮತ್ತು ಕೆಲಸವನ್ನೂ ನೋಡಬೇಕು.

ಕೆಲಸದ ಲೆಕ್ಕ

ಬೆದೆಯ 3 ವಾರ ನಾಯಿಯನ್ನು ಕೂಡಿಹಾಕಬೇಕು. ಗಬ್ಬದ ಕೊನೆಯ 3 ವಾರ ಓಟ, ನೆಗೆತ ಸಲ್ಲದು. ಮರಿಗಳಿಗೆ 8 ವಾರ ತಾಯಿ ಬೇಕು. ಒಂದು ಸೂಲಿಗೆ ಒಟ್ಟು 14 ವಾರ ನಾಯಿ ಹಿಂಡಿನ ಕೆಲಸಕ್ಕೆ ಸಿಗುವುದಿಲ್ಲ. ಬೆದೆಯ ಅಂತರ 30 ವಾರವೆಂದಿಟ್ಟುಕೊಂಡರೆ, 60 ವಾರದಲ್ಲಿ ಎರಡೂ ಬೆದೆಗೆ ಕೂಡಿಸಿದಾಗ 28 ವಾರ ಹಿಂಡಿಗೆ ಆ ನಾಯಿಯ ಕಾವಲಿಲ್ಲ. ಒಂದು ಬೆದೆ ಬಿಟ್ಟರೆ ಈ ನಷ್ಟ 17 ವಾರಕ್ಕೆ ಇಳಿಯುತ್ತದೆ. ಒಂದೇ ನಾಯಿ ಇರುವ ಕುರಿಗಾರರು ಇದನ್ನು ಮರೆಯಬಾರದು. ಮರಿ ಮಾರಿ ಬಂದ ಹಣ ಚಿರತೆ ಹೊತ್ತೊಯ್ದ ಕುರಿಗಳಿಗೆ ಸಮವಾಗಲಾರದು.

ಕಾನೂನು

ಮರಿ ಮಾರಾಟಕ್ಕಾಗಿ ನಾಯಿ ಸಾಕುವವರಿಗೆ ಕೇಂದ್ರ ಸರ್ಕಾರದ 2017ರ ನಿಯಮಗಳು ಅನ್ವಯಿಸುತ್ತವೆ. ಇವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. 18 ತಿಂಗಳು ತುಂಬದ ಹಾಗೂ 8 ವರ್ಷ ಮೀರಿದ ಹೆಣ್ಣು ನಾಯಿಯಿಂದ ಮರಿ ಪಡೆಯುವಂತಿಲ್ಲ. ಬೆನ್ನುಬೆನ್ನಿಗೆ ಸೂಲು ಪಡೆಯುವಂತಿಲ್ಲ. ಜೀವಮಾನದಲ್ಲಿ ಐದು ಸೂಲು ಮೀರಬಾರದು. 8 ವಾರ ತುಂಬದ ಮರಿಯನ್ನು ಮಾರಬಾರದು.

ಆಹಾರ ಮತ್ತು ಆರೈಕೆ

ಬರಿಯ ರಾಗಿ ಮುದ್ದೆ, ಮಜ್ಜಿಗೆಯಿಂದ ಹಾಲೂಡುವ ನಾಯಿ ಸೊರಗುತ್ತದೆ. ಮೊಟ್ಟೆ, ಬೇಯಿಸಿದ ಮಾಂಸ, ಬೇಳೆ ಸೇರಿಸಬೇಕು. ಗಬ್ಬದ ಕೊನೆಯ ಮೂರು ವಾರ ಆಹಾರವನ್ನು ಕಾಲು ಪಾಲಿನಿಂದ ಅರ್ಧದಷ್ಟು ಹೆಚ್ಚಿಸಬೇಕು. ಮರಿಗಳಿಗೆ ಮೂರು ನಾಲ್ಕು ವಾರವಾದಾಗ ತಾಯಿಗೆ ಎರಡು ಮೂರು ಪಟ್ಟು ಆಹಾರ ಬೇಕು. ಕುರಿಯ ಹಸಿ ಮಿದುಳು, ಶ್ವಾಸಕೋಶ, ಪಿತ್ತಜನಕಾಂಗಗಳನ್ನು ನಾಯಿಗೆ ಹಾಕಬಾರದು. ಇವುಗಳಿಂದ ನಾಯಿಗೆ ಲಾಡಿಹುಳು ತಗುಲಿ, ಅದರ ಮಲದಿಂದ ಕುರಿಗೂ ಮನುಷ್ಯರಿಗೂ ರೋಗ ಹರಡುತ್ತದೆ. ಜಂತುನಾಶಕ ಔಷಧಿ ಮತ್ತು ಹುಚ್ಚುನಾಯಿ ರೋಗದ ಲಸಿಕೆಯನ್ನು ಕೂಡಿಸುವ ಮೊದಲೇ ಕೊಡಿಸಿರಬೇಕು.

ಕೂಡಿಸುವ ಮೊದಲು ನೋಡಬೇಕಾದ ಅಂಶಗಳು

1. ಹಿಂದಿನ ಬೆದೆಯ ದಿನಾಂಕ ಬರೆದಿಡಬೇಕು. ಅಂತರ ಆರು ತಿಂಗಳಿಗಿಂತ ಕಡಿಮೆಯಿದ್ದರೆ ಆ ಬೆದೆ ಬಿಡುವುದು ಕ್ಷೇಮ.

2. ನಾಯಿ ಮೈ ತುಂಬಿಕೊಂಡಿರಬೇಕು. ಪಕ್ಕೆಲುಬು ಎದ್ದು ಕಂಡರೆ ಕೂಡಿಸಬಾರದು.

3. ಹಿಂದಿನ ಸೂಲು ಕಷ್ಟವಾಗಿದ್ದರೆ, ಮರಿಗಳು ಸತ್ತಿದ್ದರೆ ಪಶುವೈದ್ಯರನ್ನು ಕೇಳದೆ ಮುಂದುವರಿಯಬಾರದು.

4. ಅದೇ ಸೂಲಿನ ಅಣ್ಣ ತಮ್ಮಂದಿರೊಡನೆ, ತಂದೆಯೊಡನೆ ಕೂಡಿಸಬಾರದು.

5. ಬೆದೆ ತಡೆಯಲು ಹಾರ್ಮೋನು ಚುಚ್ಚುಮದ್ದಿಗೆ ಕೈಹಾಕಬಾರದು. ಕೀವು ತುಂಬುವ ಅಪಾಯ ಅದರಿಂದ ಹೆಚ್ಚುತ್ತದೆ.

ಬೆದೆಯಾದ ಒಂದೆರಡು ತಿಂಗಳಲ್ಲಿ ನಾಯಿ ಮೇವು ಬಿಟ್ಟು, ಅತಿಯಾಗಿ ನೀರು ಕುಡಿಯುತ್ತಾ ಮಂಕಾದರೆ, ಕೀವು ಹೊರಗೆ ಕಾಣದಿದ್ದರೂ ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು. ಒಂದು ಬೆದೆ ಬಿಟ್ಟರೆ ಕೈತಪ್ಪುವುದು ಕೆಲವು ಮರಿಗಳು ಮಾತ್ರ. ಪಳಗಿದ ನಾಯಿ ಸತ್ತರೆ ಇಡೀ ರೊಪ್ಪವೇ ಕಾವಲಿಲ್ಲದಂತಾಗುತ್ತದೆ.