ಕಲ್ಪಿತ ರಾಜ್ಯ, ನಿಜವಾದ ವರಮಾನ: ಚಿತ್ರೀಕರಣ ಸ್ಥಳಗಳ ಪ್ರವಾಸದಿಂದ ವರ್ತಕರು ಕಲಿಯಬಹುದಾದ ಪಾಠ

ಪ್ರವಾಸೋದ್ಯಮವೆಂದೊಡನೆ ದೇವಾಲಯ, ಕಡಲತೀರ, ಗಿರಿಧಾಮಗಳು ನೆನಪಿಗೆ ಬರುವುದು ಸಹಜ. ಆದರೆ ಕಳೆದ ಒಂದೂವರೆ ದಶಕದಲ್ಲಿ ಹೊಸ ಬಗೆಯ ಯಾತ್ರಿಕನೊಬ್ಬ ಹುಟ್ಟಿಕೊಂಡಿದ್ದಾನೆ. ಕಿರುತೆರೆಯಲ್ಲಿ ತಾನು ಕಂಡ ಕೋಟೆ, ಮೆಟ್ಟಿಲು, ಸಾಲುಮರಗಳನ್ನು ಕಣ್ಣಾರೆ ಕಾಣಲೆಂದೇ ಸಾವಿರಾರು ಮೈಲಿ ಕ್ರಮಿಸುವ ಈ ಪ್ರವಾಸಿಗನಿಂದ ಒಂದು ಊರಿಗೆ ಆಗುವ ಲಾಭವೇನು, ತಗಲುವ ವೆಚ್ಚವೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಲೆಕ್ಕಿಗನ ದೃಷ್ಟಿಯಿಂದ ಪರಿಶೀಲಿಸಲಾಗಿದೆ. ಅಧ್ಯಯನಕ್ಕೆ ಆರಿಸಿಕೊಂಡ ಉದಾಹರಣೆ ‘ಗೇಮ್ ಆಫ್ ಥ್ರೋನ್ಸ್’ ಎಂಬ ಧಾರಾವಾಹಿ.

ಹಿನ್ನೆಲೆ

ಅಮೆರಿಕದ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿಮಾಲೆಯನ್ನು ಆಧರಿಸಿ ಎಚ್‌ಬಿಒ ಸಂಸ್ಥೆ ನಿರ್ಮಿಸಿದ ಈ ಧಾರಾವಾಹಿ 2011ರ ಏಪ್ರಿಲ್‌ನಿಂದ 2019ರ ಮೇ ತಿಂಗಳವರೆಗೆ 8 ಸರಣಿಗಳಲ್ಲಿ, ಒಟ್ಟು 73 ಕಂತುಗಳಲ್ಲಿ ಪ್ರಸಾರವಾಯಿತು. ಕಥೆಯ ರಾಜ್ಯಗಳೆಲ್ಲವೂ ಕಲ್ಪಿತ. ಚಿತ್ರೀಕರಣದ ನೆಲ ಮಾತ್ರ ನಿಜ. ಒಳಾಂಗಣದ ಕೆಲಸಕ್ಕೆ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರ ಕೇಂದ್ರವಾಯಿತು. ಹೊರಾಂಗಣಕ್ಕೆ ಮಾಲ್ಟಾ, ಕ್ರೊಯೇಷಿಯಾ, ಐಸ್‌ಲ್ಯಾಂಡ್, ಸ್ಪೇನ್ ಮುಂತಾದ ದೇಶಗಳು ಬಳಕೆಯಾದವು. ಇವುಗಳಲ್ಲಿ ಉತ್ತರ ಐರ್ಲೆಂಡ್ ಮತ್ತು ಕ್ರೊಯೇಷಿಯಾದ ಡುಬ್ರೋವ್ನಿಕ್ ಒಂದೇ ಕಥೆಯಿಂದ ಎರಡು ಭಿನ್ನ ಫಲಗಳನ್ನು ಪಡೆದವು. ಆದ್ದರಿಂದ ಇವೆರಡನ್ನು ಹೋಲಿಸುವುದು ಉಪಯುಕ್ತ.

ಉತ್ತರ ಐರ್ಲೆಂಡ್: ಬಂಡವಾಳ ಹೂಡಿ ಬೆಳೆಸಿದ ಪೇಟೆ

ಹಲವು ದಶಕಗಳ ಆಂತರಿಕ ಕಲಹದಿಂದ ನಲುಗಿದ್ದ ಉತ್ತರ ಐರ್ಲೆಂಡಿನತ್ತ ಪ್ರವಾಸಿಗರು ಸುಳಿಯುತ್ತಿದ್ದುದೇ ಅಪರೂಪ. ಅಲ್ಲಿನ ಚಿತ್ರೋದ್ಯಮ ಅಭಿವೃದ್ಧಿ ಸಂಸ್ಥೆಯಾದ ನಾರ್ದರ್ನ್ ಐರ್ಲೆಂಡ್ ಸ್ಕ್ರೀನ್, ಈ ಧಾರಾವಾಹಿಗೆ ಒಟ್ಟು ಸುಮಾರು 1.6 ಕೋಟಿ ಪೌಂಡ್ ಸಹಾಯಧನ ನೀಡಿತು. ಇದರಿಂದ ಸ್ಥಳೀಯ ಆರ್ಥಿಕತೆಗೆ ಸುಮಾರು 25 ಕೋಟಿ ಪೌಂಡ್ ಹರಿದುಬಂತೆಂಬುದು ಆ ಸಂಸ್ಥೆಯ ಲೆಕ್ಕ. ಬಡಗಿ, ದರ್ಜಿ, ಕಮ್ಮಾರ, ವಾಹನ ಚಾಲಕ, ಹೋಟೆಲಿನವ, ಅಡುಗೆಯವ ಹೀಗೆ ನೂರಾರು ಕಸುಬಿನವರಿಗೆ ವರ್ಷದಿಂದ ವರ್ಷಕ್ಕೆ ಕೆಲಸ ದೊರೆಯಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 25 ಕೋಟಿಯನ್ನು 1.6 ಕೋಟಿಯಿಂದ ಭಾಗಿಸಿ ‘ಒಂದಕ್ಕೆ ಹದಿನೈದು ಪಟ್ಟು ಲಾಭ’ ಎಂದು ಸಾರುವುದು ಸುಲಭ; ಅದು ಸರಿಯಾದ ಲೆಕ್ಕವಲ್ಲ. ಹರಿದುಬಂದ ಹಣ ವಹಿವಾಟೇ ಹೊರತು ಲಾಭವಲ್ಲ. ಅಲ್ಲದೆ ಬ್ರಿಟನ್ ಸರ್ಕಾರ 2013ರ ಏಪ್ರಿಲ್‌ನಿಂದ ದುಬಾರಿ ಧಾರಾವಾಹಿಗಳಿಗೆ ನೀಡುತ್ತ ಬಂದ ತೆರಿಗೆ ರಿಯಾಯಿತಿಯೂ ವೆಚ್ಚದ ಬದಿಯಲ್ಲಿ ಸೇರಬೇಕು. ಆ ಹಳೆಯ ವ್ಯವಸ್ಥೆಯ ಬದಲಿಗೆ 2024ರ ಜನವರಿಯಿಂದ ಹೊಸ ವೆಚ್ಚ ಜಮಾ ಪದ್ಧತಿ ಬಂದಿದೆ. ಅದರ ಸ್ಥೂಲ ಲೆಕ್ಕ ಹೀಗಿದೆ:

ನಿರ್ಮಾಪಕನೊಬ್ಬ ಬ್ರಿಟನ್ನಿನಲ್ಲಿ ಮಾಡಿದ ಅರ್ಹ ಮೂಲ ವೆಚ್ಚ 100 ಪೌಂಡ್ ಎಂದಿಟ್ಟುಕೊಳ್ಳೋಣ. ಅದರಲ್ಲಿ ಗಣನೆಗೆ ಬರುವುದು ಗರಿಷ್ಠ ಶೇ. 80, ಅಂದರೆ 80 ಪೌಂಡ್. ಅದರ ಮೇಲೆ ಶೇ. 34ರಂತೆ ದೊರೆಯುವ ಜಮಾ 27.20 ಪೌಂಡ್. ಈ ಜಮಾ ಮೊತ್ತವೂ ತೆರಿಗೆಗೆ ಒಳಪಡುವುದರಿಂದ ಶೇ. 25ರ ಕಂಪನಿ ತೆರಿಗೆ 6.80 ಪೌಂಡ್ ಕಳೆದರೆ ನಿರ್ಮಾಪಕನ ಕೈಯಲ್ಲಿ ಉಳಿಯುವುದು 20.40 ಪೌಂಡ್.

ಅಂದರೆ ನೂರು ಪೌಂಡ್ ಖರ್ಚಿನಲ್ಲಿ ಸುಮಾರು ಐದನೆಯ ಒಂದು ಭಾಗವನ್ನು ಬೊಕ್ಕಸವೇ ಭರಿಸಿದಂತಾಯಿತು. ಕ್ರೊಯೇಷಿಯಾ ಸಹ 2012ರಲ್ಲಿ ಶೇ. 20ರ ನಗದು ಮರುಪಾವತಿ ಯೋಜನೆಯನ್ನು ಆರಂಭಿಸಿ, 2018ರಲ್ಲಿ ಅದನ್ನು ಶೇ. 25ಕ್ಕೆ ಏರಿಸಿತು. ಸುಂದರ ದೃಶ್ಯವೊಂದೇ ಚಿತ್ರತಂಡವನ್ನು ಸೆಳೆಯುವುದಿಲ್ಲ. ಅದರ ಹಿಂದೆ ಖಚಿತವಾದ ತೆರಿಗೆ ನೀತಿಯೂ ಇರುತ್ತದೆ.

ಚಿತ್ರೀಕರಣ ಮುಗಿದೊಡನೆ ತಂಡ ಗಂಟುಮೂಟೆ ಕಟ್ಟುತ್ತದೆ. ಮುಂದಿನ ಆದಾಯವೇನಿದ್ದರೂ ಪ್ರವಾಸಿಗನಿಂದ. ಉತ್ತರ ಐರ್ಲೆಂಡಿನ ಪ್ರವಾಸೋದ್ಯಮ ಇಲಾಖೆಯ ಅಂದಾಜಿನಂತೆ 2018ರಲ್ಲಿ ಸುಮಾರು 3.5 ಲಕ್ಷ ಮಂದಿ ಈ ಧಾರಾವಾಹಿಯ ಸೆಳೆತದಿಂದ ಬಂದು 5 ಕೋಟಿ ಪೌಂಡಿಗೂ ಮಿಕ್ಕಿ ವ್ಯಯಿಸಿದರು. ತಲಾ ಸರಾಸರಿ ಸುಮಾರು 143 ಪೌಂಡ್. ಈ ಹಣ ಯಾವುದೋ ದೊಡ್ಡ ಸಂಸ್ಥೆಯೊಂದರ ಪಾಲಾಗದೆ ಹಳ್ಳಿಯ ಉಪಾಹಾರ ಗೃಹ, ಬಸ್ಸಿನ ಮಾಲೀಕ, ಮಾರ್ಗದರ್ಶಿಗಳವರೆಗೆ ಹಂಚಿಹೋದದ್ದು ಗಮನಾರ್ಹ. ಕಾರಣ ಸರಳ: ಸ್ಥಳಗಳು ಒಂದೆಡೆ ಗುಂಪಾಗಿಲ್ಲ. ‘ವಿಂಟರ್‌ಫೆಲ್’ ಆಗಿ ಕಾಣಿಸಿದ ಕ್ಯಾಸಲ್ ವಾರ್ಡ್ ಒಂದು ದಿಕ್ಕಿನಲ್ಲಿದ್ದರೆ, ಬ್ಯಾಲಿಂಟಾಯ್ ಬಂದರು, ಕುಶೆಂಡನ್ ಗುಹೆಗಳು, ಡೌನ್‌ಹಿಲ್ ಕಡಲತೀರ ಉತ್ತರದ ಕರಾವಳಿಯುದ್ದಕ್ಕೂ ಚದುರಿವೆ.

ಅಲ್ಲಿನವರ ವ್ಯಾಪಾರ ಚಾತುರ್ಯಕ್ಕೆ ಒಂದು ನಿದರ್ಶನವಿದೆ. ಆಂಟ್ರಿಮ್ ಪ್ರಾಂತ್ಯದ ‘ಡಾರ್ಕ್ ಹೆಡ್ಜಸ್’ ಎಂಬುದು ಸುಮಾರು 1775ರಲ್ಲಿ ಸ್ಟುವರ್ಟ್ ಮನೆತನದವರು ತಮ್ಮ ಬಂಗಲೆಯ ದಾರಿಗೆ ನೆಡಿಸಿದ ಬೀಚ್ ಮರಗಳ ಸಾಲು. ತೆರೆಯ ಮೇಲೆ ಕೆಲವೇ ಕ್ಷಣ ಮಿಂಚಿದ ಈ ದಾರಿ ಜಗತ್ಪ್ರಸಿದ್ಧವಾಯಿತು. 2016ರ ಜನವರಿಯ ಬಿರುಗಾಳಿಗೆ ಉರುಳಿದ ಮರಗಳನ್ನು ಸೌದೆಯಾಗಿ ಮಾರದೆ, ಅವುಗಳಿಂದ 10 ಕೆತ್ತನೆಯ ಬಾಗಿಲುಗಳನ್ನು ಮಾಡಿಸಿ, ಪ್ರಾಂತ್ಯದ ಬೇರೆ ಬೇರೆ ಪಾನಗೃಹಗಳಿಗೆ ಮತ್ತು ತಂಗುಮನೆಗಳಿಗೆ ಅಳವಡಿಸಲಾಯಿತು. ಹತ್ತೂ ಬಾಗಿಲು ನೋಡಬೇಕೆಂಬ ಪ್ರವಾಸಿಗ ಹತ್ತು ಊರು ಸುತ್ತಬೇಕು! ಬಿದ್ದ ಮರವೂ ಹೀಗೆ ಆದಾಯದ ಮೂಲವಾಯಿತು.

ಆದರೆ ನಿಂತ ಮರಗಳ ಕಥೆ ಬೇರೆ. ಆರಂಭದಲ್ಲಿ ಸುಮಾರು 150 ಇದ್ದ ಮರಗಳ ಸಂಖ್ಯೆ ಬಹಳಷ್ಟು ಕುಗ್ಗಿದೆ. ವಾಹನಗಳ ಭಾರದಿಂದ ಬೇರುಗಳಿಗೆ ಹಾನಿಯಾಗುವುದನ್ನು ಮನಗಂಡು 2017ರ ಅಕ್ಟೋಬರ್ ಕೊನೆಯಿಂದ ಆ ರಸ್ತೆಯಲ್ಲಿ ವಾಹನ ಸಂಚಾರ ನಿರ್ಬಂಧಿಸಲಾಯಿತು. 2023ರ ನವೆಂಬರ್‌ನಲ್ಲಿ ಸುರಕ್ಷತೆಯ ಕಾರಣಕ್ಕಾಗಿ ಆರು ಮರಗಳನ್ನು ಕಡಿಯಬೇಕಾಯಿತು. ಎರಡೂವರೆ ಶತಮಾನದ ಮರಕ್ಕೆ ಸವಕಳಿ ನಿಧಿ ಇಟ್ಟವರಾರು?

2022ರ ಫೆಬ್ರುವರಿಯಲ್ಲಿ ಬ್ಯಾನ್‌ಬ್ರಿಜ್ ಪಟ್ಟಣದ ಲಿನನ್ ಮಿಲ್ ಸ್ಟುಡಿಯೋದಲ್ಲಿ ಮೂಲ ವೇಷಭೂಷಣ, ಆಯುಧ, ಸಜ್ಜಿಕೆಗಳ ಪ್ರದರ್ಶನ ತೆರೆಯಿತು. ಮಳೆ ಹೆಚ್ಚಿರುವ ನಾಡಿನಲ್ಲಿ ಸೂರಿನಡಿಯ ಇಂತಹ ಆಕರ್ಷಣೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ. ಜನರ ಕಾಲ್ತುಳಿತವನ್ನು ಮರದ ಬೇರಿನಿಂದ ಕಟ್ಟಡದೊಳಕ್ಕೆ ತಿರುಗಿಸುವುದೂ ಒಂದು ಬಗೆಯ ಸಂರಕ್ಷಣೆಯೇ.

ಡುಬ್ರೋವ್ನಿಕ್: ಅತಿಯಾದ ಜಮೆಯ ಸಂಕಟ

ಏಡ್ರಿಯಾಟಿಕ್ ಸಮುದ್ರದಂಚಿನ ಡುಬ್ರೋವ್ನಿಕ್, ಎರಡನೆಯ ಸರಣಿಯಿಂದ ‘ಕಿಂಗ್ಸ್ ಲ್ಯಾಂಡಿಂಗ್’ ಎಂಬ ರಾಜಧಾನಿಯಾಗಿ ಕಾಣಿಸಿಕೊಂಡಿತು. ಲೊವ್ರಿಯೆನಾಟ್ಸ್ ಕೋಟೆ, ಪಿಲೆ ಹೆಬ್ಬಾಗಿಲು, ಮಿಂಚೆಟಾ ಬುರುಜು, ರಾಣಿಯ ಅವಮಾನದ ಮೆರವಣಿಗೆ ಆರಂಭವಾಗುವ ಜೆಸೂಟ್ ಮೆಟ್ಟಿಲುಗಳು ಇಲ್ಲಿನ ಮುಖ್ಯ ತಾಣಗಳು. ಉತ್ತರ ಐರ್ಲೆಂಡಿನಂತಲ್ಲದೆ ಇವೆಲ್ಲವೂ ಕಾಲ್ನಡಿಗೆಯ ಅಂತರದಲ್ಲಿ, 1,940 ಮೀಟರ್ ಉದ್ದದ ಕೋಟೆಗೋಡೆಯ ಒಳಗೆ ಅಥವಾ ಅದರ ಮಗ್ಗುಲಲ್ಲೇ ಇವೆ. ಅನುಕೂಲವೂ ಅದೇ, ಅನಾನುಕೂಲವೂ ಅದೇ.

2016ರ ಆಗಸ್ಟ್ ತಿಂಗಳ ಒಂದೇ ದಿನ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಟಿಕೆಟ್ ಪಡೆದು ಕೋಟೆಗೋಡೆ ಏರಿದರು. 1979ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದ ಈ ಊರಿನಲ್ಲಿ ಏಕಕಾಲಕ್ಕೆ 8,000ಕ್ಕಿಂತ ಹೆಚ್ಚು ಜನ ಇರಬಾರದೆಂದು ಯುನೆಸ್ಕೋ ಎಚ್ಚರಿಸಿತು. 1991ರಲ್ಲಿ ಗೋಡೆಯೊಳಗೆ ಸುಮಾರು 5,000 ನಿವಾಸಿಗಳಿದ್ದರು; ಇತ್ತೀಚಿನ ವರ್ಷಗಳಲ್ಲಿ ಅದರ ಮೂರನೆಯ ಒಂದು ಭಾಗವೂ ಉಳಿದಿಲ್ಲ. ಮನೆಗಳು ಪ್ರವಾಸಿಗರ ಬಾಡಿಗೆ ಕೊಠಡಿಗಳಾದವು. ದಿನಸಿ ಅಂಗಡಿಗಳ ಜಾಗದಲ್ಲಿ ಸ್ಮರಣಿಕೆಯ ಮಳಿಗೆಗಳು ಬಂದವು. ಇದಕ್ಕೆಲ್ಲ ಧಾರಾವಾಹಿಯೊಂದೇ ಹೊಣೆಯೆನ್ನಲಾಗದು. 1991-92ರ ಯುದ್ಧ ಮತ್ತು ಅನಂತರ ಹೆಚ್ಚಿದ ಪ್ರವಾಸಿ ಹಡಗುಗಳ ಪಾಲೂ ಇದರಲ್ಲಿದೆ. ಹಡಗಿನಲ್ಲಿ ಬಂದವರು ಕೆಲವೇ ಗಂಟೆ ಸುತ್ತಾಡಿ, ಊಟ ನಿದ್ರೆಗೆ ಹಡಗಿಗೇ ಮರಳುವರು. ಊರಿಗೆ ಸಂದಣಿ ಪೂರ್ತಿ, ಸಂಪಾದನೆ ಅರೆಬರೆ.

ಮೇಯರ್ ಮಾತೊ ಫ್ರಾಂಕೊವಿಚ್ ಅವರ ಆಡಳಿತ 2019ರಿಂದ ಪ್ರವಾಸಿ ಹಡಗುಗಳನ್ನು ಏಕಕಾಲಕ್ಕೆ ಎರಡಕ್ಕೆ ಮಿತಿಗೊಳಿಸಿತು. ಗಿರಾಕಿ ಹೆಚ್ಚಾದನೆಂದು ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚುವುದು ವರ್ತಕನಿಗೆ ವಿಚಿತ್ರವೆನಿಸೀತು. ಆದರೆ ಮೂಲಧನವನ್ನೇ ಕರಗಿಸಿ ಹಂಚುವ ಲಾಭಾಂಶ ಎಷ್ಟು ಕಾಲ ಬಾಳೀತು?

ಈ ನಗರಕ್ಕೆ ಹೋಗುವ ವಾಣಿಜ್ಯ ಬಂಧುಗಳು ಮರೆಯಬಾರದ ಸಂಗತಿ ಇನ್ನೊಂದಿದೆ. ಕಲ್ಪಿತ ರಾಜಧಾನಿಯ ಮರೆಯಲ್ಲಿ ನಿಜವಾದ ಡುಬ್ರೋವ್ನಿಕ್ ಕಾಣದೆ ಹೋಗಬಹುದು. ‘ರಗೂಸಾ’ ಎಂಬ ಹೆಸರಿನಲ್ಲಿ 1808ರವರೆಗೆ ಬಾಳಿದ ಇದು ವರ್ತಕರ ಗಣರಾಜ್ಯ. ಇಲ್ಲಿ ಹುಟ್ಟಿದ ಬೆನೆದೆತ್ತೊ ಕೊತ್ರುಗ್ಲಿ ಎಂಬ ವರ್ತಕ 1458ರಲ್ಲೇ ವ್ಯಾಪಾರ ಶಾಸ್ತ್ರದ ಗ್ರಂಥ ರಚಿಸಿ, ಅದರಲ್ಲಿ ದ್ವಿನಮೂದು ಲೆಕ್ಕ ಪದ್ಧತಿಯನ್ನು ಪ್ರಸ್ತಾಪಿಸಿದ್ದ. ವಾಣಿಜ್ಯ ವಿದ್ಯಾರ್ಥಿಗಳೆಲ್ಲ ಓದುವ ಲೂಕಾ ಪಾಚಿಯೋಲಿಯ ಗ್ರಂಥ ಅಚ್ಚಾದದ್ದು 1494ರಲ್ಲಿ. ಕೊತ್ರುಗ್ಲಿಯ ಕೃತಿ 1573ರವರೆಗೆ ಮುದ್ರಣ ಕಾಣದಿದ್ದುದರಿಂದ ಕೀರ್ತಿ ಪಾಚಿಯೋಲಿಯ ಪಾಲಾಯಿತು. ಹಿಂದಿನ ಸುಂಕದ ಕಟ್ಟೆಯಾದ ಸ್ಪೊಂಜಾ ಅರಮನೆಯ ಕಮಾನಿನ ಮೇಲೆ, ತೂಕದಲ್ಲಿ ವಂಚನೆ ಸಲ್ಲದು, ಸರಕು ತೂಗುವವನನ್ನು ದೇವರು ತೂಗುತ್ತಾನೆ ಎಂಬರ್ಥದ ಶಾಸನ ಇಂದಿಗೂ ಇದೆ. ಸಿಂಹಾಸನದ ಪ್ರತಿಕೃತಿಯ ಮುಂದೆ ಸಾಲುಗಟ್ಟಿ ನಿಲ್ಲುವವರಲ್ಲಿ ಈ ಕಮಾನಿನತ್ತ ತಲೆಯೆತ್ತಿ ನೋಡುವವರು ಎಷ್ಟು ಮಂದಿಯೋ!

ಪ್ರವಾಸ ಹೊರಡುವವರ ಗಮನಕ್ಕೆ

1. ಕ್ರೊಯೇಷಿಯಾ 2023ರ ಜನವರಿ 1ರಂದು ಯೂರೋ ನಾಣ್ಯವನ್ನೂ ಷೆಂಗೆನ್ ವ್ಯವಸ್ಥೆಯನ್ನೂ ಒಪ್ಪಿಕೊಂಡಿತು. ಸ್ಪೇನ್, ಮಾಲ್ಟಾ, ಐಸ್‌ಲ್ಯಾಂಡ್‌ಗಳೂ ಷೆಂಗೆನ್ ವ್ಯಾಪ್ತಿಯಲ್ಲಿವೆ. ಉತ್ತರ ಐರ್ಲೆಂಡ್ ಬ್ರಿಟನ್ನಿನ ಭಾಗವಾದ್ದರಿಂದ ಅದಕ್ಕೆ ಪ್ರತ್ಯೇಕ ವೀಸಾ ಬೇಕು. ಡಬ್ಲಿನ್ ಮೂಲಕ ಹೋಗುವವರು ಐರ್ಲೆಂಡ್ ಗಣರಾಜ್ಯದ ನಿಯಮಗಳನ್ನೂ ನೋಡಿಕೊಳ್ಳತಕ್ಕದ್ದು.

2. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಡುಬ್ರೋವ್ನಿಕ್‌ನಲ್ಲಿ ಜನಜಂಗುಳಿಯೂ ದರವೂ ಶಿಖರಕ್ಕೇರಿರುತ್ತವೆ. ಏಪ್ರಿಲ್-ಮೇ ಅಥವಾ ಅಕ್ಟೋಬರ್ ಮೇಲು. ಕೋಟೆಗೋಡೆಯನ್ನು ಬೆಳಗ್ಗೆ ಬಾಗಿಲು ತೆರೆದೊಡನೆ ಏರುವುದು ಒಳಿತು. ಊರಿನಲ್ಲೇ ಒಂದೆರಡು ರಾತ್ರಿ ತಂಗಿದರೆ ನಮ್ಮ ಖರ್ಚು ಸ್ಥಳೀಯರ ಕೈ ಸೇರುತ್ತದೆ.

3. ತೆರೆಯ ಮೇಲೆ ಕಂಡದ್ದೆಲ್ಲ ಇಂದಿಗೂ ಇರುವುದೆಂದು ಭಾವಿಸಬಾರದು. ಮೊದಲ ಸರಣಿಯಲ್ಲಿ ಕಾಣಿಸಿದ ಮಾಲ್ಟಾದ ‘ಅಜೂರ್ ವಿಂಡೋ’ ಎಂಬ ಕಲ್ಲಿನ ಕಮಾನು 2017ರ ಮಾರ್ಚ್ 8ರಂದು ಕುಸಿದು ಸಮುದ್ರ ಸೇರಿತು.

4. ವಿದೇಶ ಪ್ರವಾಸದ ಪ್ಯಾಕೇಜ್ ಕೊಳ್ಳುವಾಗ ಏಜೆಂಟರು ಮೂಲದಲ್ಲಿ ವಸೂಲು ಮಾಡುವ ತೆರಿಗೆ (ಟಿಸಿಎಸ್) 2020ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ದರ ಹಲವು ಸಲ ಬದಲಾಗಿರುವುದರಿಂದ ಹಣ ಕಟ್ಟುವ ದಿನದ ದರವನ್ನು ವಿಚಾರಿಸಿಕೊಳ್ಳಬೇಕು. ಇದು ಹೆಚ್ಚುವರಿ ಖರ್ಚಲ್ಲ, ಮುಂಗಡ ಜಮೆ. ರಿಟರ್ನ್ ಸಲ್ಲಿಸುವಾಗ ತಪ್ಪದೆ ಕ್ಲೇಮು ಮಾಡಬೇಕು. ಕುಟುಂಬದ ವಿಹಾರವನ್ನು ವ್ಯಾಪಾರದ ಖರ್ಚೆಂದು ಪುಸ್ತಕದಲ್ಲಿ ಬರೆಯುವುದು ಮಾತ್ರ ಸರ್ವಥಾ ಸಲ್ಲದು.

ಉಪಸಂಹಾರ

ಎರಡು ಉದಾಹರಣೆಗಳಿಂದ ಮೂರು ಪಾಠಗಳನ್ನು ಸಂಗ್ರಹಿಸಬಹುದು. ಮೊದಲನೆಯದು, ಪ್ರವಾಸಿಗರನ್ನು ಒಂದೆಡೆ ಕೂಡಿಹಾಕದೆ ಹಲವು ಊರುಗಳಿಗೆ ಹಂಚಬೇಕು. ಎರಡನೆಯದು, ತಲೆಯೆಣಿಕೆಗಿಂತ ತಲಾ ವ್ಯಯ ಮತ್ತು ತಂಗುವ ರಾತ್ರಿಗಳು ಮುಖ್ಯ. ಮೂರನೆಯದು, ಬಂದ ಆದಾಯದ ಒಂದು ಭಾಗವನ್ನು ಮರ, ಗೋಡೆ, ಮೆಟ್ಟಿಲುಗಳ ರಕ್ಷಣೆಗೆ ಮೊದಲೇ ತೆಗೆದಿರಿಸಬೇಕು.

ನಮ್ಮಲ್ಲೂ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ನೆನಪಿನಲ್ಲಿ ಆಗುಂಬೆಗೆ ಹೋಗುವವರುಂಟು. ಆ ಧಾರಾವಾಹಿಯಲ್ಲಿ ಕಾಣಿಸಿಕೊಂಡ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ವಸ್ತುಸಂಗ್ರಹಾಲಯವಾಗಿದೆ. ಧಾರಾವಾಹಿಯ ಜನಪ್ರಿಯತೆ ಅಢಾವೆ ಪತ್ರಿಕೆಯ ಗುಡ್‌ವಿಲ್‌ನಂತೆ. ಕಾಲಕ್ರಮೇಣ ಅದು ಕರಗುವುದು ನಿಶ್ಚಿತ. ಕಟ್ಟಡ, ಕಾಡು, ಊರಿನ ಜನ ಇವೇ ಸ್ಥಿರಾಸ್ತಿ. ಕರಗುವ ಸ್ವತ್ತಿನಿಂದ ಬಂದ ಹಣವನ್ನು ಉಳಿಯುವ ಸ್ವತ್ತಿಗೆ ತೊಡಗಿಸಿದ ಊರಿನ ಲೆಕ್ಕ ಮಾತ್ರ ಕೊನೆಯಲ್ಲಿ ತಾಳೆಯಾಗುತ್ತದೆ.