ಪಾಠ ಟಿಪ್ಪಣಿ: ಎಂಜಿನ್ನಿನ ಕಿಂಡಿ ಮತ್ತು ಗಾಳಿಯ ಹರಿವು

ಪೂರ್ವಜ್ಞಾನ: ಹೆಬ್ಬೆ ಜಲಪಾತದ ನೀರು ಗುರುತ್ವದಿಂದ ಬೀಳುತ್ತದೆಂದು ಇಲ್ಲಿನ ಮಕ್ಕಳಿಗೆ ಗೊತ್ತು. ಎಂಜಿನ್ನಿನೊಳಗೆ ಗಾಳಿ ಹರಿಯುವುದು ಏಕೆ? ಒತ್ತಡದ ವ್ಯತ್ಯಾಸದಿಂದ. ಪಾಠವನ್ನು ಇಲ್ಲಿಂದ ಆರಂಭಿಸಿ.

ಉದಾಹರಣೆ: 1960ರ ದಶಕದಲ್ಲಿ ಮೈಸೂರಿನಲ್ಲಿ ತಯಾರಾದ ಜಾವಾ 250 ಬೈಕಿನ ಎರಡು ಸ್ಟ್ರೋಕ್ ಎಂಜಿನ್. ಸಿಲಿಂಡರಿನ ಒಳವ್ಯಾಸ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು, ಅಂದರೆ ಪೋರ್ಟ್‌ಗಳನ್ನು, ಪಿಸ್ಟನ್ನೇ ತೆರೆದು ಮುಚ್ಚುತ್ತದೆ.

ಚಟುವಟಿಕೆ: ಘನಫಲವನ್ನು ಮಕ್ಕಳು ಮೊದಲು ಕೈಲೆಕ್ಕದಲ್ಲಿ ಕಂಡುಕೊಳ್ಳಲಿ: ಸುಮಾರು 249 ಘನ ಸೆಂ.ಮೀ. ಅದೇ ಅಳತೆಯಲ್ಲಿ ಫ್ರೀಕ್ಯಾಡ್ ತಂತ್ರಾಂಶದಲ್ಲಿ ಮಾದರಿ ರಚಿಸಿ ತಾಳೆ ನೋಡಲಿ. ಬಳಿಕ ಕೇಳಿ: "ಹೊಗೆ ಹೋಗುವ ಕಿಂಡಿಯ ಮೇಲಂಚನ್ನು 2 ಮಿ.ಮೀ. ಎತ್ತರಿಸಿದರೆ?" "ಕಿಂಡಿ ದೊಡ್ಡದಾದರೆ ಶಕ್ತಿ ಹೆಚ್ಚು" ಎಂಬ ಉತ್ತರ ಬರಬಹುದು. ತಕ್ಷಣ ತಿದ್ದಬೇಡಿ, ಬರೆಸಿಡಿ. ಆಮೇಲೆ ಮಾದರಿಯ ಅಡ್ಡಸೀಳು ತೋರಿಸಿ. ಪಿಸ್ಟನ್ ಇಳಿಯುವಾಗ ಕಿಂಡಿ ಬೇಗ ತೆರೆಯುತ್ತದೆ, ಏರುವಾಗ ತಡವಾಗಿ ಮುಚ್ಚುತ್ತದೆ. ಸಂಕೋಚನಕ್ಕೆ ಸಿಗುವ ಘನಫಲ ಸುಮಾರು 6.6 ಘನ ಸೆಂ.ಮೀ. ಕಡಿಮೆಯಾಗುತ್ತದೆ. ಎಂಜಿನ್ ವೇಗವಾಗಿ ತಿರುಗುವಾಗ ಇದರಿಂದ ಲಾಭವಾಗಬಹುದು. ನಿಧಾನವಾಗಿ ಘಟ್ಟ ಏರುವಾಗ ಎಳೆತ ತಗ್ಗುತ್ತದೆ.

ಶಿಕ್ಷಕರಿಗೆ ಎಚ್ಚರಿಕೆ: ಈ ಮಾದರಿ ಆಕಾರವನ್ನು ತೋರಿಸುತ್ತದೆ, ಹರಿವನ್ನಲ್ಲ. ಅದರ ಮೇಲೆ ನಾವು ಎಳೆಯುವ ಬಾಣಗಳು ಊಹೆ ಮಾತ್ರ. ಹರಿವನ್ನು ತಿಳಿಯಲು ಬೇರೆ ಲೆಕ್ಕ, ಬೇರೆ ಪರೀಕ್ಷೆ ಬೇಕು. ಇದನ್ನು ಮಕ್ಕಳಿಗೆ ಹೇಳದಿದ್ದರೆ ಚಿತ್ರವನ್ನೇ ಪುರಾವೆಯೆಂದು ನಂಬುತ್ತಾರೆ.

ಮೌಲ್ಯಮಾಪನ: ಬರೆಸಿಟ್ಟ ಉತ್ತರವನ್ನು ಮಕ್ಕಳೇ ಕಾರಣ ಕೊಟ್ಟು ತಿದ್ದಲಿ.